ಬೋರ್ಡಿನ ಮೇಲಿನ ‘ಡಾ.’ ಯಾರದು?

*ವೈದ್ಯಕೀಯ ಬಿರುದುಗಳ ಜಗಳದಲ್ಲಿ ವೃತ್ತಿಗಳ ಮಾನ–ಮರ್ಯಾದೆಯ ಮಾತು ಸಾಕಷ್ಟು ಆಯಿತು. ರೋಗಿಯ ಹಕ್ಕಿನ ಮಾತು ಇನ್ನು ಶುರುವಾಗಬೇಕು.*

2025ರ ಸೆಪ್ಟೆಂಬರ್ 9ರಂದು ದೆಹಲಿಯ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಭಾರತೀಯ ವೈದ್ಯಕೀಯ ಸಂಘಕ್ಕೆ (ಐಎಂಎ) ಒಂದು ಪತ್ರ ಬರೆಯಿತು. ಫಿಸಿಯೊಥೆರಪಿಸ್ಟ್‌ಗಳು ವೈದ್ಯರಲ್ಲ, ಅವರು ಹೆಸರಿಗೆ ಮೊದಲು ‘ಡಾ.’ ಎಂದು ಬರೆದುಕೊಂಡರೆ 1916ರ ಭಾರತೀಯ ವೈದ್ಯಕೀಯ ಪದವಿಗಳ ಕಾಯ್ದೆಯನ್ನು ಮುರಿದಂತಾಗುತ್ತದೆ ಎಂಬುದು ಅದರ ಸಾರ. ಮರುದಿನವೇ ಇನ್ನೊಂದು ಪತ್ರ ಬಂತು. ವಿಷಯವನ್ನು ಇನ್ನಷ್ಟು ಪರಿಶೀಲಿಸಬೇಕಿರುವುದರಿಂದ ಹಿಂದಿನ ಪತ್ರವನ್ನು ವಾಪಸ್ ಪಡೆಯಲಾಗಿದೆ ಎಂದು ಅದರಲ್ಲಿತ್ತು. ಅದೇ ವರ್ಷದ ಏಪ್ರಿಲ್‌ನಲ್ಲಿ ಹೊರಬಂದಿದ್ದ ಫಿಸಿಯೊಥೆರಪಿಯ ರಾಷ್ಟ್ರೀಯ ಪಠ್ಯಕ್ರಮವಂತೂ ಹೆಸರಿಗೆ ಮೊದಲು ‘ಡಾ.’, ಕೊನೆಯಲ್ಲಿ ‘ಪಿಟಿ’ ಎಂದು ಹಾಕಿಕೊಳ್ಳಬಹುದು ಎಂದೇ ಹೇಳಿತ್ತು. ಒಂದೇ ಸಚಿವಾಲಯದ ಕೈಕೆಳಗೆ, ಒಂದೇ ವರ್ಷದಲ್ಲಿ, ಒಂದು ಅಕ್ಷರ ಮತ್ತು ಒಂದು ಚುಕ್ಕಿಯ ಬಗ್ಗೆ ಮೂರು ಮಾತು.

ಈ ಜಗಳ ಟಿವಿಯಲ್ಲಿ, ಕಾಲೇಜು ಕಾರಿಡಾರುಗಳಲ್ಲಿ, ವೃತ್ತಿ ಸಂಘಗಳ ಸಭೆಗಳಲ್ಲಿ ಜೋರಾಗಿಯೇ ನಡೆಯಿತು. ಎರಡೂ ಕಡೆಯವರು ತಮ್ಮ ಓದು, ಶ್ರಮ, ಗೌರವಗಳ ಮಾತಾಡಿದರು. ಆ ಬೋರ್ಡನ್ನು ಓದಿ ಒಳಗೆ ಹೋಗುವ ಮನುಷ್ಯನ ಮಾತನ್ನು ಆಡಿದವರು ಕಡಿಮೆ. ಆ ಮನುಷ್ಯ ಎಲ್ಲಿದ್ದಾನೆ ಎಂದು ನೋಡಬೇಕಾದರೆ ದೆಹಲಿಯಿಂದ ಬಹಳ ದೂರ, ಹಾವೇರಿ ಜಿಲ್ಲೆ ಶಿಗ್ಗಾಂವಿ ತಾಲ್ಲೂಕಿನ ಹೋಬಳಿ ಊರು ದುಂಡಸಿಯಂಥ ಕಡೆ ಬರಬೇಕು.

ಈ ಸೀಮೆಯಲ್ಲಿ ಜ್ವರ ಬಂದ ಕೂಸನ್ನು ಎತ್ತಿಕೊಂಡು ಹೋಗಿ ಬಂದ ತಾಯಿಯನ್ನು ‘ಡಾಕ್ಟ್ರಿಗೆ ತೋರ್ಸಿದ್ಯೇನವ್ವಾ?’ ಎಂದು ಕೇಳಿದರೆ, ‘ಹೂಂನ್ರೀ, ಸೂಜಿ ಮಾಡ್ಯಾರ, ಗುಳಿಗಿ ಕೊಟ್ಟಾರ’ ಎಂಬ ಉತ್ತರ ಬರುತ್ತದೆ. ಯಾವ ಡಾಕ್ಟರು, ಏನು ಓದಿದವರು ಎಂದು ಕೇಳುವ ರೂಢಿ ಕೇಳಿದವರಿಗೂ ಇಲ್ಲ, ಹೇಳುವವರಿಗೂ ಇಲ್ಲ. ಎಂಬಿಬಿಎಸ್ ಮಾಡಿದವರು ಡಾಕ್ಟ್ರು, ಬಿಎಎಂಎಸ್ ಮಾಡಿದವರು ಡಾಕ್ಟ್ರು, ಹಲ್ಲು ಕೀಳುವವರು, ಸೊಂಟನೋವಿಗೆ ವ್ಯಾಯಾಮ ಮಾಡಿಸುವವರು, ಎಮ್ಮೆಗೆ ಔಷಧ ಹಾಕುವವರು ಎಲ್ಲರೂ ಡಾಕ್ಟ್ರೇ. ಔಷಧ ಅಂಗಡಿಯ ಗಲ್ಲಾ ಮೇಲೆ ಕೂತವರನ್ನೂ, ಎಲ್ಲಿಯೂ ಓದದೆ ಕೈಚೀಲದಲ್ಲಿ ಸಿರಿಂಜು ಇಟ್ಟುಕೊಂಡು ಬೈಕಿನಲ್ಲಿ ತಿರುಗುವವರನ್ನೂ ಜನ ಅದೇ ಹೆಸರಿನಿಂದ ಕರೆಯುತ್ತಾರೆ. ಜನರ ಪ್ರೀತಿಯ ಮಾತಿನಲ್ಲಿ ತಪ್ಪೇನೂ ಇಲ್ಲ. ಆದರೆ ಜನ ಬಾಯಿಮಾತಿಗೆ ಕರೆದದ್ದನ್ನು ಬೋರ್ಡಿನ ಮೇಲೆ ಬರೆದುಕೊಂಡಾಗ ಅದೊಂದು ವಾಗ್ದಾನವಾಗುತ್ತದೆ. ಆ ವಾಗ್ದಾನಕ್ಕೆ ಜಾಮೀನು ಯಾರು ಎಂಬುದೇ ನಿಜವಾದ ಪ್ರಶ್ನೆ.

ಬಿರುದಿಗೆ ಕಾವಲು ಬಂದ ಬಗೆ

ಕಾವಲು ಹೊಸದಲ್ಲ. ಶಿಗ್ಗಾಂವಿ ಸೀಮೆ ಹಿಂದೆ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿತ್ತು. ವೈದ್ಯರ ಹೆಸರನ್ನು ಪಟ್ಟಿಯಲ್ಲಿ ದಾಖಲಿಸುವ ಕಾನೂನನ್ನು ಭಾರತದಲ್ಲಿ ಮೊದಲು ತಂದದ್ದು ಅದೇ ಪ್ರಾಂತ್ಯ, 1912ರಲ್ಲಿ. ಎರಡು ವರ್ಷಗಳಲ್ಲಿ ಬಂಗಾಳವೂ ಮದರಾಸೂ ಅದೇ ದಾರಿ ಹಿಡಿದವು. 1916ರಲ್ಲಿ ಇಡೀ ಬ್ರಿಟಿಷ್ ಭಾರತಕ್ಕೆ ಅನ್ವಯಿಸುವಂತೆ ಭಾರತೀಯ ವೈದ್ಯಕೀಯ ಪದವಿಗಳ ಕಾಯ್ದೆ ಬಂತು. ಪಾಶ್ಚಾತ್ಯ ವೈದ್ಯಕೀಯದ ಪದವಿ, ಡಿಪ್ಲೊಮಾ, ಪರವಾನಗಿಗಳನ್ನು ಅಧಿಕಾರವಿಲ್ಲದ ಸಂಸ್ಥೆಗಳು ಕೊಡುವಂತಿಲ್ಲ. ಅಂಥ ಪದವಿ ತನಗಿದೆ ಎಂದು ತೋರುವ ಬಿರುದನ್ನು ಯಾರೂ ಸುಳ್ಳಾಗಿ ಹಾಕಿಕೊಳ್ಳುವಂತಿಲ್ಲ ಎಂದು ಅದು ಹೇಳಿತು. ಸುಳ್ಳು ಬಿರುದಿಗೆ ಮೊದಲ ಸಲ ₹250, ಮತ್ತೆ ಮಾಡಿದರೆ ₹500 ದಂಡ. ಆ ಕಾಲಕ್ಕೆ ಅದು ದೊಡ್ಡ ಮೊತ್ತವೇ. ಇಂದು ಆ ದುಡ್ಡಿಗೆ ಒಂದು ಸಲಾಯಿನ್ ಹಚ್ಚಿಸಿಕೊಳ್ಳುವುದೂ ಕಷ್ಟ. 2025ರ ಪತ್ರ ಹೆಸರಿಸಿದ್ದು ಇದೇ ಕಾಯ್ದೆಯನ್ನು.

ಈ ಚರಿತ್ರೆಯ ಇನ್ನೊಂದು ಮುಖವನ್ನೂ ನೋಡಬೇಕು. ಬಿರುದಿನ ಬೇಲಿ ಜನರನ್ನು ಕಾಯುವ ಜೊತೆಗೆ ವೃತ್ತಿಯೊಳಗೆ ಮೇಲು–ಕೀಳನ್ನೂ ತಂದಿತು. ಹಳೆಯ ತಲೆಮಾರು ಇಂದಿಗೂ ನೆನೆಯುವ ಎಲ್‌ಎಂಪಿ ಡಾಕ್ಟರುಗಳು ಪದವೀಧರರಾಗಿರಲಿಲ್ಲ, ವೈದ್ಯಕೀಯ ಶಾಲೆಗಳಲ್ಲಿ ಓದಿ ಪರವಾನಗಿ ಪಡೆದವರು. ಮೈಸೂರು ಸಂಸ್ಥಾನದಲ್ಲೂ ಮೊದಲು 1917ರಲ್ಲಿ ಬೆಂಗಳೂರಿನಲ್ಲಿ ಇಂಥ ಶಾಲೆ ಶುರುವಾಯಿತು. ವೈದ್ಯಕೀಯ ಕಾಲೇಜು ಬಂದದ್ದು 1924ರಲ್ಲಿ. ಹಳ್ಳಿಗಾಡಿನ ಜನರ ಜ್ವರ, ಹೆರಿಗೆ, ಹಾವಿನ ಕಡಿತಗಳ ಭಾರವನ್ನು ಹೆಚ್ಚಾಗಿ ಹೊತ್ತವರು ಈ ಎಲ್‌ಎಂಪಿಗಳು. ಆದರೆ 1933ರ ಭಾರತೀಯ ವೈದ್ಯಕೀಯ ಪರಿಷತ್ ಕಾಯ್ದೆ ಅವರನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. 1946ರಲ್ಲಿ ಭೋರ್ ಸಮಿತಿ ದೇಶಕ್ಕೆ ಒಂದೇ ಬಗೆಯ ಮೂಲ ವೈದ್ಯ ಸಾಕು ಎಂದಿತು, ಎಲ್‌ಎಂಪಿ ಓದು ಕಾಲಕ್ರಮೇಣ ನಿಂತೇಹೋಯಿತು. ಮಟ್ಟ ಏರಿದ್ದು ನಿಜ. ಹಳ್ಳಿಗಳಲ್ಲಿ ಅವರು ಬಿಟ್ಟುಹೋದ ಜಾಗ ಬಹುಕಾಲ ಖಾಲಿ ಉಳಿದದ್ದೂ ಅಷ್ಟೇ ನಿಜ. ಖಾಲಿ ಜಾಗಕ್ಕೆ ಯಾರು ಬಂದು ಕೂತರು ಎಂಬುದನ್ನು ಮುಂದೆ ನೋಡೋಣ.

ಪದವಿ ಬೇರೆ, ನೋಂದಣಿ ಬೇರೆ

ಬಹಳ ಜನ ತಿಳಿಯದ ಸಂಗತಿಯೊಂದಿದೆ. ಎಂಬಿಬಿಎಸ್ ಕೂಡ ಬ್ಯಾಚುಲರ್ ಪದವಿಯೇ, ಪಿಎಚ್.ಡಿ.ಯಂಥ ಡಾಕ್ಟರೇಟ್ ಅಲ್ಲ. ಅವರಿಗೆ ‘ಡಾ.’ ಬಂದದ್ದು ರೂಢಿಯಿಂದ. ಬ್ರಿಟನ್ನಿನಲ್ಲಿ ಇವತ್ತಿಗೂ ಶಸ್ತ್ರವೈದ್ಯರು ‘ಮಿಸ್ಟರ್’ ಎಂದೇ ಕರೆಸಿಕೊಳ್ಳುತ್ತಾರೆ, ಅದರಿಂದ ಅವರ ಘನತೆ ಕಡಿಮೆಯಾಗಿಲ್ಲ. ನಮ್ಮಲ್ಲಿ ವೈದ್ಯರ ಹಕ್ಕನ್ನು ಕಾಯುವುದು 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 34ನೇ ಕಲಂ. ರಾಜ್ಯದ ಇಲ್ಲವೇ ರಾಷ್ಟ್ರದ ನೋಂದಣಿ ಪುಸ್ತಕದಲ್ಲಿ ಹೆಸರಿಲ್ಲದವರು ಅಲೋಪಥಿ ಚಿಕಿತ್ಸೆ ಮಾಡುವಂತಿಲ್ಲ, ಮಾಡಿದರೆ 1 ವರ್ಷದವರೆಗೆ ಸೆರೆ, ₹5 ಲಕ್ಷದವರೆಗೆ ದಂಡ, ಅಥವಾ ಎರಡೂ. ಕಾನೂನಿನ ಕಣ್ಣು ನೆಟ್ಟಿರುವುದು ನೋಂದಣಿಯ ಮೇಲೆ. 2023ರ ಆಗಸ್ಟ್‌ನಲ್ಲಿ ಆಯೋಗ ತಂದ ವೃತ್ತಿ ನಡಾವಳಿ ನಿಯಮಗಳು ‘ಮೆಡ್. ಡಾ.’ ಎಂಬ ಹೊಸ ಬಿರುದನ್ನು ನೋಂದಾಯಿತ ವೈದ್ಯರಿಗಷ್ಟೇ ಮೀಸಲಿಡಲು ಹೊರಟಿದ್ದವು. ಅದೇ ತಿಂಗಳು ನಿಯಮಗಳನ್ನೇ ತಡೆಹಿಡಿಯಲಾಯಿತು, ಆ ಬಿರುದೂ ಅಲ್ಲಿಗೇ ನಿಂತಿತು.

ಹಾಗಾದರೆ ‘ಡಾ.’ ಮೇಲೆ ಯಾರಿಗೂ ಪೂರ್ತಿ ಹಕ್ಕಿಲ್ಲವೇ? ಕನ್ನಡಿಗರಿಗೆ ಇದನ್ನು ವಿವರಿಸುವುದು ಸುಲಭ. 1976ರಲ್ಲಿ ಮೈಸೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟ ಮೇಲೆ ನಾವು ಡಾ. ರಾಜ್‌ಕುಮಾರ್ ಎಂದೇ ಹೇಳುತ್ತ ಬಂದಿದ್ದೇವೆ. ಇತಿಹಾಸದಲ್ಲಿ, ಕನ್ನಡ ಸಾಹಿತ್ಯದಲ್ಲಿ ಸಂಶೋಧನೆ ಮಾಡಿದ ಮೇಷ್ಟ್ರುಗಳೂ ‘ಡಾ.’ ಆಗಿದ್ದಾರೆ. ಯಾರಿಗೂ ಗೊಂದಲವಾಗಿಲ್ಲ, ಏಕೆಂದರೆ ಎದೆನೋವು ಬಂದಾಗ ಯಾರೂ ಅವರ ಬಳಿ ಹೋಗುವುದಿಲ್ಲ. ಗೊಂದಲ ಹುಟ್ಟುವುದು ಚಿಕಿತ್ಸೆಯ ಕೋಣೆಯಲ್ಲಿ. ಆದ್ದರಿಂದ ನಿಯಮವನ್ನು ಹೊಲಿಯಬೇಕಾದದ್ದೂ ಆ ಕೋಣೆಯ ಅಳತೆಗೇ.

ಪಾಠದ ಕೋಣೆಯಲ್ಲಿ

ಗೊಂದಲದ ಬೇರು ವೈದ್ಯಕೀಯ ಶಿಕ್ಷಣದಲ್ಲೇ ಇದೆ. ಎಂಬಿಬಿಎಸ್ ಮೊದಲ ವರ್ಷದಲ್ಲಿ ಅಂಗರಚನೆ, ಶರೀರಕ್ರಿಯೆ, ಜೀವರಸಾಯನ ಕಲಿಸುವವರಲ್ಲಿ ಎಂ.ಎಸ್ಸಿ., ಪಿಎಚ್.ಡಿ. ಮಾಡಿದ ಅಧ್ಯಾಪಕರು ದಶಕಗಳಿಂದ ಇದ್ದಾರೆ. ಮುಂದಿನ ವೈದ್ಯರಿಗೆ ದೇಹದ ಒಳಗನ್ನು ತೋರಿಸಿಕೊಡುವವರು ಇವರು. ವಿದ್ಯಾರ್ಥಿಗಳಿಗೆ ಇವರು ‘ಡಾಕ್ಟರ್’ ಹೌದು, ರೋಗಿಗಳಿಗೆ ಅಲ್ಲ. ಒಂದು ಮಾತ್ರೆ ಬರೆದುಕೊಡುವ ಅಧಿಕಾರವೂ ಇವರಿಗಿಲ್ಲ. 2020ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಇಂಥ ಅಧ್ಯಾಪಕರ ಪಾಲನ್ನು ಕಡಿತಗೊಳಿಸಿತು. ಕಾಲೇಜುಗಳು ಹೆಚ್ಚಿ ಅಧ್ಯಾಪಕರು ಸಾಲದಾದಾಗ, 2025ರ ಜುಲೈನಲ್ಲಿ ಬಂದ ಹೊಸ ನಿಯಮಗಳು ಸೂಕ್ಷ್ಮಜೀವಿಶಾಸ್ತ್ರ, ಔಷಧಶಾಸ್ತ್ರಗಳ ಬಾಗಿಲನ್ನೂ ಅವರಿಗೆ ಮತ್ತೆ ತೆರೆದವು. ಅದೇ ನಿಯಮಗಳಡಿ, 220ಕ್ಕಿಂತ ಹೆಚ್ಚು ಹಾಸಿಗೆಗಳ ಸರ್ಕಾರಿ ಆಸ್ಪತ್ರೆಯಲ್ಲಿ 10 ವರ್ಷ ದುಡಿದ ತಜ್ಞರು ಅಸೋಸಿಯೇಟ್ ಪ್ರೊಫೆಸರ್ ಆಗಬಹುದು. ಅಂದರೆ ‘ಪ್ರೊಫೆಸರ್’ ಎಂಬ ಬಿರುದೂ ಅಗತ್ಯ ಬಿದ್ದಾಗ ಹಿಗ್ಗುತ್ತದೆ, ಬೇಡವಾದಾಗ ಕುಗ್ಗುತ್ತದೆ. ಬೋಧಕರ ಯೋಗ್ಯತೆಯೇ ಹೀಗೆ ವರ್ಷಕ್ಕೊಂದು ಅಳತೆಗೆ ಸಿಕ್ಕರೆ, ಬಿರುದಿನ ಬೆಲೆಯ ಬಗ್ಗೆ ವಿದ್ಯಾರ್ಥಿಗೆ ಯಾರು ಹೇಳಿಕೊಡಬೇಕು?

ಓದುವಾಗಲೇ ಇನ್‌ಸ್ಟಾಗ್ರಾಂನಲ್ಲಿ ‘ಡಾ.’ ಹಾಕಿಕೊಳ್ಳುವ ಮಕ್ಕಳಿದ್ದಾರೆ. ಅಂತಿಮ ಪರೀಕ್ಷೆ ಪಾಸಾದರೂ ಆಗ ಸಿಗುವುದು ತಾತ್ಕಾಲಿಕ ನೋಂದಣಿ. ಹಿರಿಯರ ಕಣ್ಣಳತೆಯಲ್ಲಿ ಒಂದು ವರ್ಷ ಇಂಟರ್ನ್‌ಶಿಪ್ ಮುಗಿಸಿದ ಮೇಲಷ್ಟೇ ಪೂರ್ಣ ನೋಂದಣಿ. ವಿದೇಶದಲ್ಲಿ ಓದಿ ಬಂದವರು ಅದಕ್ಕೂ ಮೊದಲು 2002ರಿಂದ ಜಾರಿಯಲ್ಲಿರುವ ಸ್ಕ್ರೀನಿಂಗ್ ಪರೀಕ್ಷೆ, ಎಫ್‌ಎಂಜಿಇ, ದಾಟಬೇಕು.

ಈ ಬಿರುದಿಗಾಗಿ ನಮ್ಮ ಮನೆಗಳು ಎಷ್ಟು ದೊಡ್ಡ ಬೆಲೆ ತೆರುತ್ತವೆ ಎಂದು ಹಾವೇರಿ ಜಿಲ್ಲೆಗೆ ಯಾರೂ ಹೇಳಿಕೊಡಬೇಕಿಲ್ಲ. 2022ರ ಮಾರ್ಚ್ 1ರಂದು ಉಕ್ರೇನಿನ ಹಾರ್ಕಿವ್ ನಗರದಲ್ಲಿ ಶೆಲ್ ದಾಳಿಗೆ ಬಲಿಯಾದ ವೈದ್ಯಕೀಯ ವಿದ್ಯಾರ್ಥಿ ನವೀನ್ ಗ್ಯಾನಗೌಡರ ರಾಣೆಬೆನ್ನೂರು ತಾಲ್ಲೂಕಿನ ಚಳಗೇರಿಯವರು. ಪಿಯುಸಿಯಲ್ಲಿ ಒಳ್ಳೆಯ ಅಂಕ ಬಂದರೂ ಇಲ್ಲಿ ಕೈಗೆಟುಕುವ ಸೀಟು ಸಿಗದೆ ಅಷ್ಟು ದೂರ ಹೋದವರು. ಮೂರು ವಾರಗಳ ಮೇಲೆ ಊರಿಗೆ ಬಂದ ಅವರ ಪಾರ್ಥಿವ ಶರೀರವನ್ನು ಮನೆಯವರು ದಾವಣಗೆರೆಯ ಎಸ್.ಎಸ್. ವೈದ್ಯಕೀಯ ಕಾಲೇಜಿಗೆ ದಾನ ಮಾಡಿದರು. ಬಿರುದು ಸಿಗುವ ಮೊದಲೇ ಹೋದ ಮಗ ಬೇರೆ ಮಕ್ಕಳ ಕಲಿಕೆಗೆ ಆಗಲಿ ಎಂದು ಕೊಟ್ಟ ಆ ಹೆತ್ತವರ ದೊಡ್ಡತನದ ಮುಂದೆ, ಹಣಕ್ಕೆ ಕೊಂಡ ಒಂದು ಕಾಗದವನ್ನು ಗೋಡೆಗೆ ತೂಗುಹಾಕಿ ಅದೇ ಬಿರುದನ್ನು ಬರೆಸಿಕೊಳ್ಳುವುದು ಎಂಥ ಅನ್ಯಾಯ ಎಂದು ಯೋಚಿಸಬೇಕು.

ಊರಿನ ‘ಆರ್‌ಎಂಪಿ’

ಕಾನೂನಿನ ಭಾಷೆಯಲ್ಲಿ ರಿಜಿಸ್ಟರ್ಡ್ ಮೆಡಿಕಲ್ ಪ್ರಾಕ್ಟೀಷನರ್, ಅಂದರೆ ಆರ್‌ಎಂಪಿ, ನೋಂದಾಯಿತ ವೈದ್ಯರು ಮಾತ್ರ. ಹಳ್ಳಿಗಳಲ್ಲಿ ‘ಆರ್‌ಎಂಪಿ ಡಾಕ್ಟ್ರು’ ಎಂದರೆ ನೋಂದಣಿಯೇ ಇಲ್ಲದವರು ಎಂದಾಗಿಬಿಟ್ಟಿದೆ. ಎಲ್ಲೋ ಕಂಪೌಂಡರ್ ಆಗಿದ್ದವರು, ಅಂಚೆ ಮೂಲಕ ‘ಪರ್ಯಾಯ ವೈದ್ಯ’ದ ಸರ್ಟಿಫಿಕೇಟ್ ತರಿಸಿಕೊಂಡವರು, ಅಪ್ಪನ ಕಸುಬು ಮುಂದುವರಿಸಿದವರು ಈ ಹೆಸರಿನಡಿ ಸೇರುತ್ತಾರೆ. ಎಲ್‌ಎಂಪಿಗಳು ಬಿಟ್ಟುಹೋದ ಖಾಲಿ ಜಾಗಕ್ಕೆ ಬಂದು ಕೂತವರು ಇವರೇ. 2001ರ ಜನಗಣತಿಯ ಅಂಕಿಗಳನ್ನು ಆಧರಿಸಿ ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ತಾವು ಅಲೋಪಥಿ ವೈದ್ಯರು ಎಂದು ಹೇಳಿಕೊಂಡವರಲ್ಲಿ 57.3% ಜನರಿಗೆ ವೈದ್ಯಕೀಯ ಅರ್ಹತೆ ಇರಲಿಲ್ಲ. ಗ್ರಾಮೀಣ ಭಾರತದಲ್ಲಿ ಅರ್ಹತೆ ಇದ್ದವರು 18.8% ಮಾತ್ರ.

ನ್ಯಾಯಾಲಯಗಳ ಮಾತು ಸ್ಪಷ್ಟವಾಗಿಯೇ ಇದೆ. ಪೂನಂ ವರ್ಮಾ ಪ್ರಕರಣದಲ್ಲಿ (1996) ಹೋಮಿಯೋಪಥಿ ಓದಿದವರೊಬ್ಬರು ಅಲೋಪಥಿ ಔಷಧ ಕೊಟ್ಟು ರೋಗಿ ತೀರಿಕೊಂಡಿದ್ದರು. ತಾನು ಕಲಿಯದ ಪದ್ಧತಿಯಲ್ಲಿ ಚಿಕಿತ್ಸೆ ಕೊಡುವವರು ಆ ಪದ್ಧತಿಯ ಮಟ್ಟಿಗೆ ನಕಲಿ ವೈದ್ಯರೇ ಎಂದು ಸುಪ್ರೀಂ ಕೋರ್ಟ್ ಹೇಳಿತು. ಮುಖ್ತಿಯಾರ್ ಚಂದ್ ಪ್ರಕರಣದಲ್ಲಿ (1998) ರಾಜ್ಯದ ಕಾನೂನು ಅನುಮತಿಸಿದಷ್ಟು ಮಟ್ಟಿಗೆ ಮಾತ್ರ ಬೇರೆ ಪದ್ಧತಿಯವರು ಆಧುನಿಕ ಔಷಧ ಬಳಸಬಹುದು ಎಂದಿತು. 2025ರ ಆರಂಭದಲ್ಲಿ, ಸಮುದಾಯ ವೈದ್ಯಕೀಯ ಸೇವೆಯ ಡಿಪ್ಲೊಮಾ ಹಿಡಿದು ಕ್ಲಿನಿಕ್ ನೋಂದಣಿ ಕೇಳಿದ ಮಂಡ್ಯ ಜಿಲ್ಲೆಯ ಅರ್ಜಿದಾರರೊಬ್ಬರ ಕೋರಿಕೆಯನ್ನು ಕರ್ನಾಟಕ ಹೈಕೋರ್ಟ್ ತಳ್ಳಿಹಾಕಿತು. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ನಾವು ಕೆಪಿಎಂಇ ಎಂದು ಕರೆಯುವುದು, ಮಾನ್ಯತೆ ಪಡೆದ ಪದ್ಧತಿಗಳಲ್ಲಿ ಓದಿದವರಿಗಷ್ಟೇ ಬಾಗಿಲು ತೆರೆಯುತ್ತದೆ.

ಬರೀ ದಾಳಿ ಮಾಡಿ ಬೀಗ ಹಾಕಿದರೆ ಮುಗಿಯಿತೇ? ಮುಗಿಯುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಕರೆದರೂ ಬರುವವರು, ದುಡ್ಡನ್ನು ಸುಗ್ಗಿಗೆ ಕೊಡಿ ಎನ್ನುವವರು ಅವರೇ ಆಗಿರುವ ತನಕ ಜನ ಅವರ ಬಳಿಗೇ ಹೋಗುತ್ತಾರೆ. ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯಲ್ಲಿ ಇಂಥ 304 ಜನರಲ್ಲಿ ಅರ್ಧದಷ್ಟು ಮಂದಿಗೆ 9 ತಿಂಗಳು ತರಬೇತಿ ಕೊಟ್ಟು ನೋಡಿದ ಅಧ್ಯಯನ 2016ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ತರಬೇತಿ ಪಡೆದವರು ರೋಗ ಗುರುತಿಸಿ ಸರಿಯಾದ ಕ್ರಮ ಕೈಗೊಳ್ಳುವುದು ಹೆಚ್ಚಿತ್ತು. ಬೇಡದ ಔಷಧ ಕೊಡುವ ಚಾಳಿ ಮಾತ್ರ ಕಡಿಮೆಯಾಗಿರಲಿಲ್ಲ. ಕಲಿಸಿದರೆ ಪ್ರಯೋಜನವಿದೆ, ಆದರೆ ಕಲಿತ ಮಾತ್ರಕ್ಕೆ ವೈದ್ಯರಾಗುವುದಿಲ್ಲ ಎಂಬ ಎರಡೂ ಪಾಠಗಳನ್ನು ಅಲ್ಲಿಂದ ಕಲಿಯಬೇಕು.

ಬಿರುದೊಂದೇ ಕಾಪಾಡುವುದಿಲ್ಲ ಎಂಬುದನ್ನೂ ಮುಚ್ಚಿಡಬಾರದು. ರಾಣೆಬೆನ್ನೂರು ಭಾಗದ ತಾಂಡಾಗಳ ಹೆಣ್ಣುಮಕ್ಕಳು ತಮ್ಮ ಗರ್ಭಕೋಶವನ್ನು ಅನಗತ್ಯವಾಗಿ ತೆಗೆದರೆಂದು ನ್ಯಾಯಕ್ಕಾಗಿ ವರ್ಷಗಟ್ಟಲೆ ಹೋರಾಡಿದ್ದಾರೆ. ಅವರ ದೂರು ಇದ್ದದ್ದು ಸರ್ಕಾರಿ ಆಸ್ಪತ್ರೆಯೊಳಗಿನ ಚಿಕಿತ್ಸೆಯ ಮೇಲೆ, ಬೋರ್ಡಿಲ್ಲದ ಕ್ಲಿನಿಕ್ಕಿನ ಮೇಲಲ್ಲ. ನೋಂದಣಿಯಿಂದ ತಪ್ಪು ನಿಲ್ಲುತ್ತದೆ ಎಂಬ ಖಾತರಿ ಇಲ್ಲ. ತಪ್ಪಾದಾಗ ಹೋಗಿ ತಟ್ಟಲು ಒಂದು ಬಾಗಿಲು ಇರುತ್ತದೆ ಎಂಬ ಖಾತರಿ ಇರುತ್ತದೆ. ಹೆಸರು, ಸಂಖ್ಯೆ, ಪರಿಷತ್ತು ಇಲ್ಲದವರ ಮೇಲೆ ದೂರು ಕೊಡುವುದು ಯಾರ ಬಳಿ?

ಎಲ್ಲರೂ ‘ಅಧಿಕಾರಿ’ಗಳು

ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿ ಪಟ್ಟಿಯ ಮುಂದೆ ನಿಂತು ಓದಿ ನೋಡಿ. ವೈದ್ಯಾಧಿಕಾರಿ ಮೊದಲಿಗಿರುತ್ತಾರೆ. ಸ್ಟಾಫ್ ನರ್ಸ್ ಎಂದಿದ್ದವರು 2021ರಿಂದ ಶುಶ್ರೂಷಾಧಿಕಾರಿ. ಹೆಣ್ಣುಮಕ್ಕಳ ಹೆರಿಗೆಗೆ, ಕೂಸುಗಳ ಲಸಿಕೆಗೆ ಮನೆಮನೆ ತಿರುಗುವ ಕಿರಿಯ ಆರೋಗ್ಯ ಸಹಾಯಕಿ, ಊರವರ ಬಾಯಲ್ಲಿ ‘ಸಿಸ್ಟರ್ ಅಕ್ಕಾರು’, ಈಗ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ. ಮಲೇರಿಯಾ, ನೀರು, ಚರಂಡಿ ನೋಡುವ ಪುರುಷ ಕಾರ್ಯಕರ್ತರು ಆರೋಗ್ಯ ನಿರೀಕ್ಷಣಾಧಿಕಾರಿ. ಉಪಕೇಂದ್ರದಲ್ಲಿ ಬಿಪಿ, ಶುಗರ್ ನೋಡುವ ನರ್ಸಿಂಗ್ ಪದವೀಧರರು ಸಮುದಾಯ ಆರೋಗ್ಯ ಅಧಿಕಾರಿ. ದಶಕಗಳ ಕಾಲ ‘ಸಹಾಯಕಿ’ ಎನಿಸಿಕೊಂಡು ದುಡಿದವರಿಗೆ ಈ ಗೌರವ ಸಲ್ಲಲೇಬೇಕಿತ್ತು. ಅಷ್ಟೆಲ್ಲ ಕೆಲಸ ಮಾಡುವ ಆಶಾ ಕಾರ್ಯಕರ್ತೆಯರಿಗೆ ಮಾತ್ರ ಈ ಅಧಿಕಾರಿ ಪಟ್ಟವೂ ಇಲ್ಲ, ಸಂಬಳವೂ ಇಲ್ಲ, ಇರುವುದು ಪ್ರೋತ್ಸಾಹಧನ. ಗೌರವದ ಹೆಸರು ಕೊಟ್ಟ ಸರ್ಕಾರ ಒಂದು ಕೆಲಸ ಬಾಕಿ ಉಳಿಸಿದೆ: ಈ ಅಧಿಕಾರಿ ಏನು ಓದಿದ್ದಾರೆ, ಏನು ಮಾಡಬಲ್ಲರು, ಏನು ಮಾಡುವಂತಿಲ್ಲ ಎಂದು ಎದುರಿಗೆ ಕೂತ ಅಜ್ಜಿಗೆ ಹೇಳುವುದು.

ಇದೇ ಕಾರಣಕ್ಕೆ 2021ರ ರಾಷ್ಟ್ರೀಯ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ಆಯೋಗ ಕಾಯ್ದೆ ಮುಖ್ಯವಾಗುತ್ತದೆ. ಪ್ರಯೋಗಾಲಯ, ಎಕ್ಸ್‌ರೇ, ಡಯಾಲಿಸಿಸ್, ಫಿಸಿಯೊಥೆರಪಿ, ಆಹಾರತಜ್ಞತೆ, ಕಣ್ಣಿನ ಪರೀಕ್ಷೆ ಇತ್ಯಾದಿ 50ಕ್ಕೂ ಹೆಚ್ಚು ವೃತ್ತಿಗಳನ್ನು ಅದು 10 ಗುಂಪುಗಳಲ್ಲಿ ತಂದು, ಪ್ರತಿ ರಾಜ್ಯದಲ್ಲೂ ನೋಂದಣಿ ಇರಬೇಕು ಎಂದಿತು. ‘ಅಲೈಡ್’ ವೃತ್ತಿಗೆ ಕನಿಷ್ಠ 2,000 ಗಂಟೆ, ‘ಹೆಲ್ತ್‌ಕೇರ್’ ವೃತ್ತಿಗೆ ಕನಿಷ್ಠ 3,600 ಗಂಟೆ ಓದು ಬೇಕು. ಸ್ವಂತ ಪರಿಷತ್ತಿಲ್ಲದೆ ಬಹುಕಾಲ ಅನಾಥವಾಗಿದ್ದ ಫಿಸಿಯೊಥೆರಪಿಗೆ ಇದರಿಂದ ನೆಲೆ ಸಿಕ್ಕಿತು. ಪಾರ್ಶ್ವವಾಯು ಹೊಡೆದವರನ್ನು ಮತ್ತೆ ನಡೆಯುವಂತೆ ಮಾಡುವ, ಮುರಿದ ಮೂಳೆ ಕೂಡಿದ ಮೇಲೆ ಕೈಗೆ ಮತ್ತೆ ಬಲ ತರುವ ವಿದ್ಯೆ ಇದು. ಅದನ್ನು ಕಲಿತವರನ್ನು ‘ಮಸಾಜ್ ಮಾಡುವವರು’ ಎಂದು ಕೀಳಾಗಿ ಕಾಣುವ ವೈದ್ಯರ ನಡವಳಿಕೆಯೂ ಈ ‘ಡಾ.’ ಹಟಕ್ಕೆ ಕಾರಣ ಎಂಬುದನ್ನು ವೈದ್ಯರು ಒಪ್ಪಿಕೊಳ್ಳಬೇಕು.

ಆದರೂ ಇನ್ನೊಬ್ಬರ ಬಿರುದನ್ನು ಎರವಲು ಪಡೆದರೆ ಸ್ವಂತ ಬಿರುದು ಬೆಳೆಯುವುದಿಲ್ಲ. ಬ್ರಿಟನ್ನಿನಲ್ಲಿ ‘ಫಿಸಿಯೊಥೆರಪಿಸ್ಟ್’, ‘ರೇಡಿಯೋಗ್ರಾಫರ್’, ‘ಡಯಟೀಶಿಯನ್’ ಎಂಬ ಹೆಸರುಗಳಿಗೇ ಕಾನೂನಿನ ರಕ್ಷಣೆ ಇದೆ. ನೋಂದಣಿ ಇಲ್ಲದವರು ಹಾಗೆ ಕರೆದುಕೊಂಡರೆ ಅಪರಾಧ. ಅದೇ ದೇಶದಲ್ಲಿ ವೈದ್ಯರ ಕೈಕೆಳಗೆ ದುಡಿಯುವ ‘ಫಿಸಿಷಿಯನ್ ಅಸೋಸಿಯೇಟ್’ಗಳನ್ನು ರೋಗಿಗಳು ವೈದ್ಯರೆಂದೇ ತಿಳಿದ ಪ್ರಸಂಗಗಳು ದೊಡ್ಡ ವಿವಾದವಾದವು. 2025ರ ಜುಲೈನಲ್ಲಿ ಬಂದ ಲೆಂಗ್ ವರದಿ ಆ ಹೆಸರನ್ನು ‘ಫಿಸಿಷಿಯನ್ ಅಸಿಸ್ಟೆಂಟ್’ ಎಂದು ಬದಲಿಸಲು ಶಿಫಾರಸು ಮಾಡಿತು. ನಮ್ಮ 2021ರ ಕಾಯ್ದೆಯ ಪಟ್ಟಿಯಲ್ಲೂ ‘ಫಿಸಿಷಿಯನ್ ಅಸೋಸಿಯೇಟ್’ ಇದೆ. ಅಲ್ಲಿನ ಪಾಠವನ್ನು ಇಲ್ಲಿ ಮೊದಲೇ ಕಲಿಯುವುದು ಒಳ್ಳೆಯದು.

ಮಕ್ಕಳಿಗೆ ಮಾರುವ ಬಿರುದು

ಸುಳ್ಳು ಬಿರುದಿನ ಮೊದಲ ಬಲಿ ಎಷ್ಟೋ ಸಲ ರೋಗಿಯಲ್ಲ, ವಿದ್ಯಾರ್ಥಿ. ಎಸ್ಸೆಸ್ಸೆಲ್ಸಿ, ಪಿಯುಸಿ ಮುಗಿಸಿದ ಹಳ್ಳಿಯ ಹುಡುಗ–ಹುಡುಗಿಯರಿಗೆ ‘ಆರು ತಿಂಗಳಲ್ಲಿ ನರ್ಸಿಂಗ್, ಒಂದು ವರ್ಷದಲ್ಲಿ ಲ್ಯಾಬ್ ಟೆಕ್ನಿಷಿಯನ್, ನೂರಕ್ಕೆ ನೂರು ನೌಕರಿ’ ಎಂಬ ಪೋಸ್ಟರುಗಳು ಬಸ್ ನಿಲ್ದಾಣಗಳ ಗೋಡೆಯಲ್ಲಿ ಕಾಣುತ್ತವೆ. ಅಪ್ಪ ಹತ್ತಿ, ಗೋವಿನಜೋಳ ಮಾರಿದ ದುಡ್ಡು ಅಲ್ಲಿ ಕರಗುತ್ತದೆ. ಕೈಗೆ ಬರುವ ಸರ್ಟಿಫಿಕೇಟ್ ಹಿಡಿದು ಸರ್ಕಾರಿ ನೇಮಕಾತಿಗೆ ಅರ್ಜಿ ಹಾಕಿದಾಗಲೇ ಅದಕ್ಕೆ ಬೆಲೆ ಇಲ್ಲವೆಂದು ತಿಳಿಯುವುದು. ಅಷ್ಟರಲ್ಲಿ ವಯಸ್ಸೂ ಹೋಗಿರುತ್ತದೆ, ದುಡ್ಡೂ ಹೋಗಿರುತ್ತದೆ.

ಸೇರುವ ಮೊದಲು ನೋಡಬೇಕಾದದ್ದು ಸರಳ. ಜಿಎನ್‌ಎಂ ನರ್ಸಿಂಗ್ 3 ವರ್ಷದ್ದು, ಬಿ.ಎಸ್ಸಿ. ನರ್ಸಿಂಗ್ 4 ವರ್ಷದ್ದು. ಆರು ತಿಂಗಳಲ್ಲಿ ಯಾರೂ ನರ್ಸ್ ಆಗುವುದಿಲ್ಲ. ಕಾಲೇಜಿಗೆ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನ ಮಾನ್ಯತೆ ಇರಬೇಕು. ಲ್ಯಾಬ್, ಎಕ್ಸ್‌ರೇ, ಆಪರೇಷನ್ ಥಿಯೇಟರ್ ಡಿಪ್ಲೊಮಾಗಳಿಗೆ ರಾಜ್ಯದ ಪ್ಯಾರಾಮೆಡಿಕಲ್ ಬೋರ್ಡ್, ಪದವಿಗಳಿಗೆ 1996ರಲ್ಲಿ ಶುರುವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಂಥ ಮಾನ್ಯ ವಿಶ್ವವಿದ್ಯಾಲಯ ಇರಬೇಕು. 1956ರ ಯುಜಿಸಿ ಕಾಯ್ದೆಯ ಪ್ರಕಾರ ಪದವಿ ಕೊಡುವ ಅಧಿಕಾರ ಕಾನೂನುಬದ್ಧ ವಿಶ್ವವಿದ್ಯಾಲಯಗಳಿಗೆ ಮಾತ್ರ. ಕೌನ್ಸೆಲಿಂಗ್ ಏಜೆಂಟರ ಮಾತಿಗಿಂತ ಈ ಪರಿಷತ್ತುಗಳ ಪಟ್ಟಿಯಲ್ಲಿ ಕಾಲೇಜಿನ ಹೆಸರು ಇದೆಯೇ ಎಂಬುದು ಮುಖ್ಯ.

ಬರೀ ‘ಡಾ.’ ಯಾರಿಗೂ ಬೇಡ

ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ. ಚಿಕಿತ್ಸೆ ಕೊಡುವ ಜಾಗದ ಬೋರ್ಡಿನ ಮೇಲೆ ಬರೀ ‘ಡಾ.’ ಎಂದು ಬರೆಯುವ ಹಕ್ಕು ಯಾರಿಗೂ ಇರಬಾರದು, ಎಂಬಿಬಿಎಸ್ ಮಾಡಿದವರಿಗೂ. ಹೆಸರಿನ ಪಕ್ಕದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ ಮೂರು ಸಂಗತಿ ಇರಬೇಕು: ಯಾವ ಪದ್ಧತಿ ಅಥವಾ ವೃತ್ತಿ, ಯಾವ ಪದವಿ, ಯಾವ ಪರಿಷತ್ತಿನ ಎಷ್ಟನೇ ನೋಂದಣಿ. ‘ಅಲೋಪಥಿ ವೈದ್ಯರು’, ‘ಆಯುರ್ವೇದ ವೈದ್ಯರು’, ‘ದಂತವೈದ್ಯರು’, ‘ಫಿಸಿಯೊಥೆರಪಿಸ್ಟ್’ ಎಂದು ಬರೆದ ಮೇಲೆ ಮುಂದಿರುವ ‘ಡಾ.’ ಯಾರನ್ನೂ ದಾರಿ ತಪ್ಪಿಸುವುದಿಲ್ಲ. ಕೆಎ–27 ಎಂದು ಕಂಡ ಕೂಡಲೇ ಗಾಡಿ ಹಾವೇರಿಯದು ಎಂದು ಓದು ಬಾರದವರಿಗೂ ತಿಳಿಯುತ್ತದೆ, ಅಪಘಾತವಾದರೆ ಆ ಸಂಖ್ಯೆ ಹಿಡಿದು ಮಾಲೀಕರ ಮನೆ ಮುಟ್ಟಬಹುದು. ಜೀವವನ್ನು ಒಪ್ಪಿಸುವ ಕಡೆ ಅಷ್ಟಾದರೂ ಗುರುತು ಬೇಡವೇ?

ಇದಕ್ಕೆ ಅರ್ಧ ದಾರಿ ಈಗಾಗಲೇ ಸಾಗಿದ್ದೇವೆ. 2002ರ ವೈದ್ಯ ನಡಾವಳಿ ನಿಯಮಗಳ ಪ್ರಕಾರ ಪ್ರತಿ ವೈದ್ಯರೂ ಕ್ಲಿನಿಕ್ಕಿನಲ್ಲಿ, ಔಷಧ ಚೀಟಿಯಲ್ಲಿ, ಪ್ರಮಾಣಪತ್ರದಲ್ಲಿ, ಹಣದ ರಸೀದಿಯಲ್ಲಿ ನೋಂದಣಿ ಸಂಖ್ಯೆ ತೋರಿಸಬೇಕು. ಮಾನ್ಯ ಪದವಿಗಳನ್ನಷ್ಟೇ ಹೆಸರಿನ ಜೊತೆ ಬರೆಯಬೇಕು. 2024ರಲ್ಲಿ ರಾಜ್ಯ ಸರ್ಕಾರ ಖಾಸಗಿ ಕ್ಲಿನಿಕ್ಕುಗಳು ಕೆಪಿಎಂಇ ಸಂಖ್ಯೆಯನ್ನು ಬೋರ್ಡಿನಲ್ಲಿ ಬರೆಯಬೇಕು, ಅಲೋಪಥಿಗೆ ನೀಲಿ, ಆಯುರ್ವೇದಕ್ಕೆ ಹಸಿರು ಬೋರ್ಡ್ ಇರಬೇಕು ಎಂದು ಸೂಚಿಸಿತು. ಬಣ್ಣದ ಗುರುತು ಓದು ಬಾರದವರಿಗೆ ನಿಜಕ್ಕೂ ನೆರವಾಗುತ್ತದೆ. ಇನ್ನುಳಿದ ಅರ್ಧ ದಾರಿ ಎಂದರೆ, ಫಿಸಿಯೊಥೆರಪಿ ಕೇಂದ್ರ, ಲ್ಯಾಬ್, ಔಷಧ ಅಂಗಡಿಗೂ ಇದೇ ನಿಯಮ ಹಬ್ಬಬೇಕು, ಸರ್ಕಾರಿ ಆಸ್ಪತ್ರೆಯ ಪ್ರತಿ ಸಿಬ್ಬಂದಿಯ ಎದೆಯ ಮೇಲೆ ಕನ್ನಡದ ಹೆಸರುಪಟ್ಟಿ ಇರಬೇಕು, ಮತ್ತು ನಿಯಮವನ್ನು ತಾಲ್ಲೂಕು ಆರೋಗ್ಯಾಧಿಕಾರಿಗಳು ವರ್ಷವಿಡೀ ನೋಡಬೇಕು. ಸಾವಾದ ಮೇಲೆ ನಾಲ್ಕು ದಿನ ದಾಳಿ ಮಾಡಿ ಸುಮ್ಮನಾದರೆ ಉಪಯೋಗವಿಲ್ಲ.

ಓದುಗರಲ್ಲೂ ಒಂದು ಕೋರಿಕೆ. ಮುಂದಿನ ಸಲ ದವಾಖಾನೆಗೆ ಹೋದಾಗ ‘ನೀವು ಏನು ಓದೀರಿ, ನಿಮ್ಮ ನೋಂದಣಿ ನಂಬರ್ ಎಷ್ಟ್ರೀ?’ ಎಂದು ಕೇಳಿ. ಕೇಳುವುದು ಅಗೌರವವಲ್ಲ, ನಿಜವಾಗಿ ಓದಿದವರು ಸಂತೋಷದಿಂದಲೇ ಹೇಳುತ್ತಾರೆ. ವೈದ್ಯರ ಹೆಸರು ಕರ್ನಾಟಕ ವೈದ್ಯಕೀಯ ಪರಿಷತ್ತಿನ ಪಟ್ಟಿಯಲ್ಲಿದೆಯೇ ಎಂದು ಮನೆಯ ಮಕ್ಕಳು ಮೊಬೈಲಿನಲ್ಲೇ ಹುಡುಕಿ ನೋಡಬಹುದು. ಇಲ್ಲದಿದ್ದರೆ ತಾಲ್ಲೂಕು ಆರೋಗ್ಯಾಧಿಕಾರಿಗೆ ತಿಳಿಸಿ. ಕೆಪಿಎಂಇ ಕಾಯ್ದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರವೂ ಇಂಥ ದೂರು ಕೇಳಲೆಂದೇ ಇದೆ. ದೂರು ಕೊಡಲು ವಕೀಲರು ಬೇಡ, ಕನ್ನಡದಲ್ಲಿ ಬರೆದ ಒಂದು ಅರ್ಜಿ ಸಾಕು.